ಬಾಸ್ಟನ್ನಿನ ಒಂದು ಇತಿಹಾಸ ನಡಿಗೆ: ವಸಾಹತುಗಳು ಬ್ರಿಟನ್ನಿನಿಂದ ಬೇರೆಯಾದದ್ದೇಕೆ ಎಂಬುದನ್ನು ಅದು ಎಷ್ಟರಮಟ್ಟಿಗೆ ತಿಳಿಸುತ್ತದೆ?

ಬಾಸ್ಟನ್ ನಗರದ ಹಳೆಯ ಭಾಗದಲ್ಲಿ ಕಾಲುದಾರಿಯುದ್ದಕ್ಕೂ ಕೆಂಪು ಗೆರೆಯೊಂದು ಸಾಗುತ್ತದೆ. ಫ್ರೀಡಂ ಟ್ರೇಲ್ ಎಂದು ಹೆಸರಾದ, 1951ರಲ್ಲಿ ರೂಪುಗೊಂಡ ಈ ಎರಡೂವರೆ ಮೈಲಿಯ ಹಾದಿಯು ಹದಿನಾರು ಐತಿಹಾಸಿಕ ತಾಣಗಳನ್ನು ಜೋಡಿಸುತ್ತದೆ. ಗೆರೆಯನ್ನು ಹಿಡಿದು ಯಾರು ಬೇಕಾದರೂ ಹಣ ಕೊಡದೆ ನಡೆಯಬಹುದಾದರೂ, ಮಾರ್ಗದರ್ಶಿಯೊಂದಿಗೆ ನಡೆಸಿಕೊಂಡು ಹೋಗುವ ಸಂಸ್ಥೆಗಳು ಅಲ್ಲಿ ಹಲವಿವೆ. ಅವುಗಳಲ್ಲೊಂದು ಸಣ್ಣ ಸಂಸ್ಥೆ, ವೀರರ ಕಥೆಗಳಿಗಿಂತ ಹೆಚ್ಚಾಗಿ ‘ಅಮೆರಿಕದ ವಸಾಹತುಗಳು ಬ್ರಿಟಿಷ್ ಆಳ್ವಿಕೆಯಿಂದ ಬೇರೆಯಾದದ್ದೇಕೆ’ ಎಂಬ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ನಡೆಸುವ ನಡಿಗೆಯ ವಿಮರ್ಶೆ ಇದು. ಕೆಲವು ಕೊರತೆಗಳನ್ನೂ ಹೇಳಬೇಕಾಗಿರುವುದರಿಂದ ಸಂಸ್ಥೆಯನ್ನು ಹೆಸರಿಸುತ್ತಿಲ್ಲ. ಇಂಥ ಯಾವುದೇ ನಡಿಗೆಯನ್ನು ಆರಿಸಿಕೊಳ್ಳುವವರು ಏನನ್ನು ನಿರೀಕ್ಷಿಸಬೇಕು, ಏನನ್ನು ಕೇಳಿ ತಿಳಿದುಕೊಳ್ಳಬೇಕು ಎಂಬುದಕ್ಕೆ ಈ ಬರಹ ನೆರವಾದರೆ ಸಾಕು.

ಮೊದಲಿಗೆ ಮೆಚ್ಚಬೇಕಾದ ಸಂಗತಿ. ನಮ್ಮ ಮಾರ್ಗದರ್ಶಿ ಹದಿನೆಂಟನೆಯ ಶತಮಾನದ ವೇಷ ತೊಟ್ಟಿರಲಿಲ್ಲ, ದನಿ ಏರಿಸಿ ನಾಟಕವಾಡಲಿಲ್ಲ. ಗುಂಪು ಚಿಕ್ಕದಾಗಿದ್ದುದರಿಂದ ಪ್ರಶ್ನೆ ಕೇಳಲು ಅವಕಾಶವಿತ್ತು, ಕೇಳಿದ್ದಕ್ಕೆ ಅವರು ತಾಳ್ಮೆಯಿಂದ ಉತ್ತರಿಸಿದರು. ಬಾಸ್ಟನ್ ಕಾಮನ್ ಮೈದಾನದಿಂದ ಹೊರಟು ಗ್ರಾನರಿ ಸ್ಮಶಾನ, ಕಿಂಗ್ಸ್ ಚಾಪೆಲ್, ಓಲ್ಡ್ ಸೌತ್ ಸಭಾಭವನ ಮತ್ತು ಓಲ್ಡ್ ಸ್ಟೇಟ್ ಹೌಸ್‌ಗಳನ್ನು ಹಾದು ಫ್ಯಾನ್ಯೂಲ್ ಹಾಲ್‌ನಲ್ಲಿ ಮುಗಿಯುವ ಈ ನಡಿಗೆ, ಹಾದಿಯ ಉತ್ತರಾರ್ಧವನ್ನು ಬಿಟ್ಟುಬಿಡುತ್ತದೆ. ಬೆಳ್ಳಿಗೆಲಸಗಾರ ಪಾಲ್ ರಿವಿಯರನ ಮನೆ, ಓಲ್ಡ್ ನಾರ್ತ್ ಚರ್ಚು, ಬಂಕರ್ ಹಿಲ್ ಯಾವುದೂ ಇದರಲ್ಲಿಲ್ಲ. ಅದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ, ಏಕೆಂದರೆ ಅವು ಯುದ್ಧಾರಂಭದ ತಾಣಗಳು, ಯುದ್ಧಕ್ಕೆ ಕಾರಣವಾದ ಜಗಳ ಬೆಳೆದದ್ದು ಈ ಮೊದಲರ್ಧದಲ್ಲಿ.

ಕಿಂಗ್ಸ್ ಚಾಪೆಲ್‌ನ ಕಲ್ಲಿನ ಕಟ್ಟಡದ ಮುಂದೆ ಹೆಚ್ಚಿನ ಪ್ರವಾಸಿಗರು ಒಂದು ನಿಮಿಷವೂ ನಿಲ್ಲುವುದಿಲ್ಲ. ನಮ್ಮ ಮಾರ್ಗದರ್ಶಿ ಅಲ್ಲಿ ಬಹಳ ಹೊತ್ತು ನಿಂತರು, ಮತ್ತು ಇಡೀ ನಡಿಗೆಯಲ್ಲಿ ನನಗೆ ಹೊಸದೆನಿಸಿದ್ದು ಅಲ್ಲಿ ಕೇಳಿದ ಮಾತು. ಮ್ಯಾಸಚೂಸೆಟ್ಸ್ ವಸಾಹತಿಗೆ 1629ರಲ್ಲಿ ದೊರೆತಿದ್ದ ಸನದನ್ನು ಲಂಡನ್ 1684ರಲ್ಲಿ ರದ್ದುಪಡಿಸಿತು. ಬಳಿಕ ಗವರ್ನರನಾಗಿ ಬಂದ ಎಡ್ಮಂಡ್ ಆಂಡ್ರೋಸ್ ಚುನಾಯಿತ ಸಭೆಯಿಲ್ಲದೆ ತೆರಿಗೆ ಹಾಕಿದ, ಊರಸಭೆಗಳು ವರ್ಷಕ್ಕೆ ಒಮ್ಮೆ ಮಾತ್ರ ಸೇರತಕ್ಕದ್ದೆಂದು ಕಟ್ಟಳೆ ಮಾಡಿದ, ಇಂಗ್ಲೆಂಡಿನ ಅಧಿಕೃತ ಆಂಗ್ಲಿಕನ್ ಚರ್ಚನ್ನು ಒಪ್ಪದ ಪ್ಯೂರಿಟನ್ನರ ಊರಿನ ನಡುವೆ ಅದೇ ಚರ್ಚಿಗೆ ಈ ಜಾಗ ಪಡೆದ. 1689ರ ಏಪ್ರಿಲ್‌ನಲ್ಲಿ ಊರಿನ ಜನ ಎದ್ದು ಅವನನ್ನು ಸೆರೆಗೆ ತಳ್ಳಿದರು. 1774ರಲ್ಲಿ ಬ್ರಿಟಿಷ್ ಸಂಸತ್ತು ಮ್ಯಾಸಚೂಸೆಟ್ಸಿನ ಆಡಳಿತವನ್ನೇ ಬದಲಿಸುವ ಕಾಯ್ದೆ ತಂದು, ಗವರ್ನರನ ಅನುಮತಿಯಿಲ್ಲದೆ ಊರಸಭೆ ವರ್ಷಕ್ಕೆ ಒಮ್ಮೆಗಿಂತ ಹೆಚ್ಚು ಸೇರಬಾರದೆಂದು ವಿಧಿಸಿದಾಗ, ಅಲ್ಲಿನವರಿಗೆ ಅದು ಹೊಸ ಅನುಭವವಾಗಿರಲಿಲ್ಲ; ಮುತ್ತಜ್ಜಂದಿರ ಕಾಲದ ಜಗಳ ಮತ್ತೆ ಬಾಗಿಲಿಗೆ ಬಂದಿತ್ತು. ಈ ನಂಟನ್ನು ತೋರಿಸಿಕೊಟ್ಟಿದ್ದಕ್ಕಾಗಿಯೇ ನಡಿಗೆಯ ಶುಲ್ಕದ ಅರ್ಧದಷ್ಟು ಸಂದಾಯವಾಯಿತು ಎನ್ನುತ್ತೇನೆ.

ಆದರೆ 1774ಕ್ಕೆ ಹಿಂದಿನ ಸುಮಾರು ಹತ್ತು ವರ್ಷಗಳ ಕಾರಣಪರಂಪರೆಯನ್ನು ಅವರು ನಡೆಯುತ್ತ ನಡೆಯುತ್ತಲೇ ಮುಗಿಸಿಬಿಟ್ಟರು. ಫ್ರಾನ್ಸಿನೊಂದಿಗೆ ಯುದ್ಧವಾಯಿತು, ಸಾಲ ಬೆಳೆಯಿತು, ತೆರಿಗೆ ಹಾಕಿದರು, ಜನ ಸಿಟ್ಟಾದರು ಎಂಬಷ್ಟಕ್ಕೆ ಅವರ ವಿವರಣೆ ನಿಂತಿತು. ಇದು ಸುಳ್ಳಲ್ಲ, ಆದರೆ ಇಷ್ಟನ್ನೇ ಕೇಳಿ ಹೋದವರು ವಸಾಹತುಗಾರರು ತೆರಿಗೆಯ ಭಾರಕ್ಕೆ ಕುಸಿದು ದಂಗೆಯೆದ್ದರೆಂದು ಭಾವಿಸುವ ಅಪಾಯವಿದೆ. ನಿಜಕ್ಕೂ ಆಗ ಬ್ರಿಟನ್ನಿನಲ್ಲಿದ್ದವರು ತೆರುತ್ತಿದ್ದ ತೆರಿಗೆ ವಸಾಹತುಗಾರರು ತೆರುತ್ತಿದ್ದುದಕ್ಕಿಂತ ಬಹಳ ಹೆಚ್ಚಿನದು. 1763ರಲ್ಲಿ ಯುದ್ಧ ಮುಗಿಯುವ ಹೊತ್ತಿಗೆ ಬ್ರಿಟನ್ನಿನ ಸಾಲ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು, ಅಮೆರಿಕದಲ್ಲಿ ಸುಮಾರು ಹತ್ತು ಸಾವಿರ ಸೈನಿಕರನ್ನು ಉಳಿಸಿಕೊಳ್ಳುವ ಯೋಜನೆಯೂ ಇತ್ತು. ಆ ಖರ್ಚಿನ ಒಂದು ಪಾಲನ್ನು ವಸಾಹತುಗಳೂ ಹೊರಲಿ ಎಂಬ ಪ್ರಧಾನಿ ಜಾರ್ಜ್ ಗ್ರೆನ್‌ವಿಲ್‌ನ ಲೆಕ್ಕಾಚಾರ ಲಂಡನ್ನಿನಲ್ಲಿ ಕುಳಿತವರಿಗೆ ಅನ್ಯಾಯವೆನಿಸಲಿಲ್ಲ.

ಹಾಗಾದರೆ ಸಿಟ್ಟು ಯಾತಕ್ಕೆ? 1764ರ ಸಕ್ಕರೆ ಕಾಯ್ದೆಯನ್ನು ನೋಡಿದರೆ ಉತ್ತರ ತಿಳಿಯುತ್ತದೆ. ಅದು ಬ್ರಿಟಿಷರದ್ದಲ್ಲದ ವಸಾಹತುಗಳಿಂದ ತರಿಸುವ ಕಾಕಂಬಿಯ ಮೇಲಿನ ಸುಂಕವನ್ನು ಗ್ಯಾಲನ್ನಿಗೆ 6 ಪೆನ್ಸಿನಿಂದ 3 ಪೆನ್ಸಿಗೆ ಇಳಿಸಿತು. ಇಳಿಸಿದ್ದಕ್ಕೆ ಜನ ಸಂತೋಷಪಡಬೇಕಿತ್ತಲ್ಲ ಎನಿಸಬಹುದು. ಆದರೆ ಹಳೆಯ ಸುಂಕವನ್ನು ಯಾರೂ ಪೂರ್ತಿ ಕಟ್ಟುತ್ತಿರಲಿಲ್ಲ. ಹೊಸದನ್ನು ಕಟ್ಟಿಸಿಯೇ ತೀರಬೇಕೆಂಬುದು ಸರ್ಕಾರದ ಹಟವಾಗಿತ್ತು. ಕಳ್ಳಸಾಗಣೆಯ ಆರೋಪ ಹೊತ್ತವರನ್ನು ಊರಿನ ಪಂಚರ (ಜ್ಯೂರಿಯ) ಮುಂದಲ್ಲದೆ, ಪಂಚರೇ ಇಲ್ಲದ ನೌಕಾ ನ್ಯಾಯಾಲಯದಲ್ಲಿ ವಿಚಾರಿಸಬಹುದಾಯಿತು. ಅದೇ ವರ್ಷದ ಇನ್ನೊಂದು ಕಾಯ್ದೆ ವಸಾಹತುಗಳು ತಾವೇ ಕಾಗದದ ಹಣ ಹೊರಡಿಸುವುದಕ್ಕೆ ಕಡಿವಾಣ ಹಾಕಿತು. ಮರುವರ್ಷದ ಸ್ಟಾಂಪ್ ಕಾಯ್ದೆಯಂತೂ ಪತ್ರಿಕೆ, ಕರಾರು, ನ್ಯಾಯಾಲಯದ ಕಾಗದಗಳಿಂದ ಹಿಡಿದು ಇಸ್ಪೀಟಿನ ಎಲೆಗಳವರೆಗೆ ಎಲ್ಲಕ್ಕೂ ಛಾಪಾ ಶುಲ್ಕ ವಿಧಿಸಿ, ವಕೀಲರನ್ನೂ ಮುದ್ರಕರನ್ನೂ ವರ್ತಕರನ್ನೂ ಒಂದೇ ಏಟಿಗೆ ಎದುರು ಹಾಕಿಕೊಂಡಿತು. ಲೇಖನಿಯೂ ಅಚ್ಚಿನ ಮೊಳೆಯೂ ಯಾರ ಕೈಯಲ್ಲಿವೆಯೋ ಅವರ ಮೇಲೆಯೇ ತೆರಿಗೆ ಹಾಕಿದ್ದು ಜಾಣತನವಾಗಿರಲಿಲ್ಲ.

ಸ್ಟಾಂಪ್ ಕಾಯ್ದೆಯ ವಿರುದ್ಧ ನಡೆದ ಪ್ರತಿಭಟನೆಗೆ ಬಾಸ್ಟನ್ನಿನಲ್ಲೇ ತಾಣವಿದೆ. 1765ರ ಆಗಸ್ಟ್ 14ರಂದು ಸ್ಟಾಂಪ್ ವಿತರಕನಾಗಬೇಕಿದ್ದ ಆಂಡ್ರ್ಯೂ ಆಲಿವರನ ಪ್ರತಿಕೃತಿಯನ್ನು ನೇತುಹಾಕಿದ್ದ ‘ಲಿಬರ್ಟಿ ಟ್ರೀ’ ಎಂಬ ಮರ ನಿಂತಿದ್ದ ಜಾಗ ಕಾಮನ್‌ನಿಂದ ದೂರವೇನಲ್ಲ. ಕೆಂಪು ಗೆರೆ ಅತ್ತ ಹೋಗುವುದಿಲ್ಲ, ಆದ್ದರಿಂದ ನಡಿಗೆಯೂ ಹೋಗುವುದಿಲ್ಲ. ಕಾರಣಗಳನ್ನು ತಿಳಿಸುತ್ತೇವೆನ್ನುವವರು ಗೆರೆ ಬಿಟ್ಟು ಹತ್ತು ಹೆಜ್ಜೆ ಪಕ್ಕಕ್ಕೆ ನಡೆಯುವ ಮನಸ್ಸು ಮಾಡಬೇಕಿತ್ತು.

ಓಲ್ಡ್ ಸ್ಟೇಟ್ ಹೌಸ್ ಮುಂದೆ ನಡಿಗೆ ಮತ್ತೆ ಕಳೆಗಟ್ಟುತ್ತದೆ. 1713ರ ಈ ಇಟ್ಟಿಗೆಯ ಕಟ್ಟಡದಲ್ಲಿ ಗವರ್ನರನ ಮಂಡಲಿಯೂ ಚುನಾಯಿತ ಪ್ರತಿನಿಧಿಗಳ ಸಭೆಯೂ ಒಂದೇ ಸೂರಿನಡಿ ಕೂಡುತ್ತಿದ್ದವು. ಇಲ್ಲಿನ ಮಂಡಲಿಯ ಕೋಣೆಯಲ್ಲೇ 1761ರಲ್ಲಿ ವಕೀಲ ಜೇಮ್ಸ್ ಓಟಿಸ್, ಸುಂಕದ ಅಧಿಕಾರಿಗಳು ಯಾರ ಮನೆಯನ್ನಾದರೂ ಉಗ್ರಾಣವನ್ನಾದರೂ ಶೋಧಿಸಬಹುದಾದ ಸಾಮಾನ್ಯ ಆಜ್ಞಾಪತ್ರಗಳ ವಿರುದ್ಧ ವಾದಿಸಿದ. ಆಗ ಎಳೆಯ ವಕೀಲನಾಗಿ ಕೇಳುತ್ತ ಕುಳಿತಿದ್ದ, ಮುಂದೆ ಅಮೆರಿಕದ ಎರಡನೆಯ ಅಧ್ಯಕ್ಷನಾದ ಜಾನ್ ಆಡಮ್ಸ್, ಸ್ವಾತಂತ್ರ್ಯವೆಂಬ ಕೂಸು ಹುಟ್ಟಿದ್ದು ಅಲ್ಲಿಯೇ ಎಂದು ಮುಪ್ಪಿನಲ್ಲಿ ಬರೆದ. ಇದನ್ನು ಎಲ್ಲ ಮಾರ್ಗದರ್ಶಿಗಳೂ ಹೇಳುತ್ತಾರೆ. ನಮ್ಮವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಸಂಬಳದ ಪ್ರಶ್ನೆಯನ್ನು ಎತ್ತಿಕೊಂಡರು. ಗವರ್ನರನ ಸಂಬಳವನ್ನು ಮಂಜೂರು ಮಾಡುತ್ತಿದ್ದದ್ದು ಚುನಾಯಿತ ಸಭೆ, ಆದ್ದರಿಂದ ಲಂಡನ್ನಿನಿಂದ ನೇಮಕಗೊಂಡು ಬಂದವನೂ ಸ್ಥಳೀಯರ ಮಾತನ್ನು ಅಷ್ಟಿಷ್ಟು ಕೇಳಲೇಬೇಕಿತ್ತು. 1767ರಲ್ಲಿ ಬ್ರಿಟನ್ನಿನ ಹಣಕಾಸು ಸಚಿವ ಚಾರ್ಲ್ಸ್ ಟೌನ್‌ಷೆಂಡ್ ಗಾಜು, ಸೀಸ, ಬಣ್ಣ, ಕಾಗದ ಮತ್ತು ಚಹಾದ ಮೇಲೆ ಸುಂಕ ಹಾಕಿ, ಬಂದ ಹಣದಿಂದ ಗವರ್ನರರಿಗೂ ನ್ಯಾಯಾಧೀಶರಿಗೂ ಸಂಬಳ ಕೊಡಬಹುದೆಂದಾಗ, ಸಭೆಯ ಕೈಯಲ್ಲಿದ್ದ ಹಗ್ಗವೇ ಜಾರಿತು. ನ್ಯಾಯಾಧೀಶರ ಸಂಬಳ ಇನ್ನು ರಾಜನ ಬೊಕ್ಕಸದಿಂದ ಬರುತ್ತದೆಂಬ ಸುದ್ದಿ ಬಂದ 1772ರಲ್ಲೇ, ಬಾಸ್ಟನ್ನಿನ ರಾಜಕಾರಣಿ ಸ್ಯಾಮ್ಯುಯಲ್ ಆಡಮ್ಸ್ ಊರೂರುಗಳ ನಡುವೆ ಪತ್ರವ್ಯವಹಾರ ನಡೆಸುವ ಸಮಿತಿಯನ್ನು ಬಾಸ್ಟನ್ನಿನಲ್ಲಿ ಕಟ್ಟಿದ. ಜಗಳ ಹಣದ ಮೊತ್ತದ್ದಲ್ಲ, ಹಣದ ಮೇಲೆ ಯಾರ ಹಿಡಿತವೆಂಬುದರದ್ದು ಎಂಬುದನ್ನು ಇಷ್ಟು ಚೆನ್ನಾಗಿ ಬಿಡಿಸಿ ಹೇಳಿದ್ದನ್ನು ನಾನು ಬೇರೆಡೆ ಕೇಳಿಲ್ಲ.

ಕಟ್ಟಡದ ಬಾಲ್ಕನಿಯ ಕೆಳಗೆ, ಹಿಂದೆ ಕಿಂಗ್ ಸ್ಟ್ರೀಟ್ ಆಗಿದ್ದ ಬೀದಿಯಲ್ಲಿ, ಕಲ್ಲಿನ ವೃತ್ತವೊಂದು 1770ರ ಮಾರ್ಚ್ 5ರಂದು ಬ್ರಿಟಿಷ್ ಸೈನಿಕರು ನಡೆಸಿದ ಗೋಲಿಬಾರನ್ನು ನೆನಪಿಸುತ್ತದೆ. ನಾವಿಕ ಕ್ರಿಸ್ಪಸ್ ಆಟಕ್ಸ್ ಸೇರಿ ಐವರು ಸತ್ತ ಆ ಘಟನೆಯನ್ನು ಮಾರ್ಗದರ್ಶಿ ಪಾಲ್ ರಿವಿಯರನ ಪ್ರಸಿದ್ಧ ಚಿತ್ರದ ಪ್ರತಿಯೊಂದನ್ನು ನಮ್ಮ ಕೈಗಿತ್ತು, ಅದರಲ್ಲಿ ತಪ್ಪು ಹುಡುಕಿರೆಂದು ಹೇಳಿ ವಿವರಿಸಿದರು. ಚಿತ್ರದಲ್ಲಿ ಸೈನಿಕರು ಸಾಲಾಗಿ ನಿಂತಿದ್ದಾರೆ, ಅಧಿಕಾರಿ ಕತ್ತಿಯೆತ್ತಿ ಆಜ್ಞೆ ಕೊಡುತ್ತಿದ್ದಾನೆ, ಸುಂಕದ ಕಚೇರಿಯ ಮೇಲೆ ‘ಕಟುಕರ ಮನೆ’ ಎಂಬ ಫಲಕವಿದೆ. ವಿಚಾರಣೆಯಲ್ಲಿ ಹೊರಬಂದದ್ದು ಬೇರೆ: ಹಿಮ, ಕತ್ತಲೆ, ಕೂಗಾಟ, ದೊಣ್ಣೆಗಳು, ಗೊಂದಲ. ಜಾನ್ ಆಡಮ್ಸನೇ ಸೈನಿಕರ ಪರ ವಕಾಲತ್ತು ವಹಿಸಿದ ಮೊಕದ್ದಮೆಯಲ್ಲಿ ಕ್ಯಾಪ್ಟನ್ ಥಾಮಸ್ ಪ್ರೆಸ್ಟನ್ ಮತ್ತು ಆರು ಸೈನಿಕರು ಖುಲಾಸೆಯಾದರು, ಇಬ್ಬರಿಗೆ ಮಾತ್ರ ಶಿಕ್ಷೆಯಾಯಿತು. ಗೋಲಿಬಾರಿಗೆ ಕೆಲವೇ ದಿನಗಳ ಹಿಂದೆ ಹಗ್ಗ ಹೊಸೆಯುವ ಕಾರ್ಖಾನೆಯೊಂದರಲ್ಲಿ ಸೈನಿಕರಿಗೂ ಕೂಲಿಕಾರರಿಗೂ ಹೊಡೆದಾಟವಾಗಿತ್ತು; ಬಿಡುವಿನಲ್ಲಿ ಕಡಿಮೆ ಕೂಲಿಗೆ ದುಡಿಯುತ್ತಿದ್ದ ಸೈನಿಕರ ಮೇಲೆ ಊರಿನ ದುಡಿಯುವವರಿಗೆ ಮೊದಲೇ ಅಸಮಾಧಾನವಿತ್ತು. ಹಕ್ಕುಗಳ ದೊಡ್ಡ ಮಾತಿನ ಕೆಳಗೆ ಕೂಲಿಯ ಸಣ್ಣ ಜಗಳವೂ ಇತ್ತೆಂಬ ಈ ವಿವರ ಬಹಳ ಬೆಲೆಯುಳ್ಳದ್ದು. ಗೋಲಿಬಾರಾದ ದಿನವೇ ಲಂಡನ್ನಿನಲ್ಲಿ ಪ್ರಧಾನಿ ಲಾರ್ಡ್ ನಾರ್ತ್, ಚಹಾದ್ದೊಂದನ್ನು ಬಿಟ್ಟು ಟೌನ್‌ಷೆಂಡನ ಉಳಿದ ಸುಂಕಗಳನ್ನು ತೆಗೆದುಹಾಕುವ ಪ್ರಸ್ತಾಪ ಮಂಡಿಸುತ್ತಿದ್ದ ಎಂಬುದನ್ನೂ ಅವರು ಮರೆಯಲಿಲ್ಲ.

ಓಲ್ಡ್ ಸೌತ್ ಸಭಾಭವನದ ಬಗ್ಗೆ ನನಗೆ ಎರಡು ಮನಸ್ಸು. 1773ರ ಚಹಾ ಕಾಯ್ದೆ ಚಹಾದ ಬೆಲೆ ಏರಿಸಲಿಲ್ಲ, ಈಸ್ಟ್ ಇಂಡಿಯಾ ಕಂಪನಿ ನೇರವಾಗಿ ಮಾರಲು ಅನುವಾಗಿ ಅದನ್ನು ಇಳಿಸಿತು ಎಂಬುದನ್ನು ಮಾರ್ಗದರ್ಶಿ ಸ್ಪಷ್ಟವಾಗಿ ಹೇಳಿದರು. ಅಗ್ಗದ ಚಹಾ ಕುಡಿದರೆ ಪೌಂಡ್ ತೂಕಕ್ಕೆ 3 ಪೆನ್ಸಿನ ಸುಂಕಕ್ಕೆ ಒಪ್ಪಿಗೆ ಕೊಟ್ಟಂತೆ. ಜೊತೆಗೆ ಡಚ್ಚರ ಚಹಾವನ್ನು ಕದ್ದು ತರುವವರಿಗೂ, ಕಂಪನಿಯ ಆಯ್ದ ಏಜೆಂಟರಲ್ಲದ ವರ್ತಕರಿಗೂ ನಷ್ಟ. ಏಜೆಂಟರಲ್ಲಿ ಗವರ್ನರ್ ಹಚಿನ್ಸನ್ನನ ಮಕ್ಕಳೂ ಇದ್ದರು. ಡಿಸೆಂಬರ್ 16ರಂದು ಸಾವಿರಾರು ಜನ ಈ ಭವನದಲ್ಲಿ ಸೇರಿದ್ದು, ಹಡಗನ್ನು ಚಹಾ ಇಳಿಸದೆ ಹಿಂದಿರುಗಲು ಬಿಡೆನೆಂಬ ಹಚಿನ್ಸನ್ನನ ಉತ್ತರ ಬಂದದ್ದು, ಆ ರಾತ್ರಿ 9,659 ಪೌಂಡ್ ಬೆಲೆಯ ಚಹಾ ಬಂದರಿನ ನೀರು ಪಾಲಾದದ್ದು ಎಲ್ಲವನ್ನೂ ಹೇಳಿದರು. ಹೇಳದೆ ಬಿಟ್ಟದ್ದು ಬಂಗಾಳವನ್ನು. ಕಂಪನಿ ದಿವಾಳಿಯ ಅಂಚಿಗೆ ಬಂದಿದ್ದಕ್ಕೆ ಅಲ್ಲಿನ ಬರಗಾಲವೂ ದುರಾಡಳಿತವೂ ಕಾರಣಗಳಾಗಿದ್ದವು. ಬಂಗಾಳದಲ್ಲಿ ಜನರನ್ನು ಹಸಿವಿಗೆ ದೂಡಿದ ಕಂಪನಿ ಈಗ ನಮ್ಮ ಮೇಲೆ ಕಣ್ಣು ಹಾಕಿದೆಯೆಂದು ಪೆನ್ಸಿಲ್ವೇನಿಯಾದ ಜಾನ್ ಡಿಕಿನ್ಸನ್ 1773ರಲ್ಲಿ ಎಚ್ಚರಿಸಿದ್ದ. ಕನ್ನಡದ ಓದುಗರಿಗೆ ಈ ಎಳೆ ಬಿಟ್ಟುಹೋದದ್ದು ಖಂಡಿತ ಕೊರತೆಯೆನಿಸುತ್ತದೆ.

ಇನ್ನು ದೊಡ್ಡ ಕೊರತೆಯೆಂದರೆ ಭೂಮಿ ಮತ್ತು ಗುಲಾಮಗಿರಿ. ಅಪಲಾಚಿಯನ್ ಬೆಟ್ಟಸಾಲಿನ ಪಶ್ಚಿಮಕ್ಕೆ ನೆಲೆಸಬಾರದೆಂದು ವಿಧಿಸಿದ 1763ರ ರಾಜಘೋಷಣೆಯಾಗಲಿ, ಓಹಾಯೋ ನದಿಯವರೆಗಿನ ನೆಲವನ್ನು ಕ್ವಿಬೆಕ್ಕಿಗೆ ಸೇರಿಸಿದ 1774ರ ಕಾಯ್ದೆಯಾಗಲಿ ನಡಿಗೆಯಲ್ಲಿ ಸುಳಿಯಲೇ ಇಲ್ಲ. ಬಾಸ್ಟನ್ನಿನ ವರ್ತಕನಿಗೆ ಕಾಕಂಬಿ ಹೇಗೋ ವರ್ಜೀನಿಯಾದ ಭೂಮಾಲೀಕನಿಗೆ ಆ ನೆಲ ಹಾಗೆ. ಗುಲಾಮರ ವ್ಯಾಪಾರದಲ್ಲೂ ಪಾಲಿದ್ದ ಪೀಟರ್ ಫ್ಯಾನ್ಯೂಲ್ ಕಟ್ಟಿಸಿಕೊಟ್ಟ ಭವನದ ಮುಂದೆಯೇ ನಡಿಗೆ ಮುಗಿದರೂ, ಸ್ವಾತಂತ್ರ್ಯದ ಮಾತಾಡಿದವರ ಮನೆಗಳಲ್ಲಿ ದುಡಿಯುತ್ತಿದ್ದವರ ಬಗ್ಗೆ ಒಂದೇ ವಾಕ್ಯ ಬಂದಿತು. ಓಲ್ಡ್ ಸೌತ್‌ನ ಕ್ರೈಸ್ತ ಸಭೆಯ ಸದಸ್ಯೆಯಾಗಿದ್ದ ಕವಯಿತ್ರಿ ಫಿಲಿಸ್ ವೀಟ್ಲಿ ಗುಲಾಮಳಾಗಿ ಈ ಊರಿಗೆ ಬಂದವಳು. ಅವಳ ಹೆಸರನ್ನಾದರೂ ಅಲ್ಲಿ ಎತ್ತಬಹುದಿತ್ತು.

ಎಲ್ಲ ಕಾರಣಗಳ ತಳದಲ್ಲಿ ಏನಿತ್ತೆಂದು ಗುಂಪಿನಲ್ಲೊಬ್ಬರು ಕೊನೆಗೆ ಕೇಳಿದಾಗ ಮಾರ್ಗದರ್ಶಿ ‘ಪ್ರಾತಿನಿಧ್ಯವಿಲ್ಲದ ತೆರಿಗೆ’ ಎಂಬ ಸಿದ್ಧ ಉತ್ತರಕ್ಕೆ ಮರಳಿದರು. ಓಲ್ಡ್ ಸ್ಟೇಟ್ ಹೌಸ್ ಮುಂದೆ ತಾವೇ ಕೊಟ್ಟಿದ್ದ ಉತ್ತರ ಅದಕ್ಕಿಂತ ಮೇಲಾಗಿತ್ತು. ಯುದ್ಧ ಆರಂಭವಾದ 1775ರ ಏಪ್ರಿಲ್ 19ರ ಕಾಳಗದಲ್ಲಿದ್ದ ಡ್ಯಾನ್ವರ್ಸ್ ಊರಿನ ಲೀವೈ ಪ್ರೆಸ್ಟನ್‌ನನ್ನು, ಅವನು ತೊಂಬತ್ತು ದಾಟಿದ್ದಾಗ, ಯುವಕನೊಬ್ಬ ಇದೇ ಪ್ರಶ್ನೆ ಕೇಳಿದ್ದು ದಾಖಲಾಗಿದೆ. ಸ್ಟಾಂಪನ್ನು ಕಂಡೇ ಇಲ್ಲ, ಆ ಚಹಾದ ಹನಿಯನ್ನೂ ಕುಡಿದಿಲ್ಲ ಎಂದ ಮುದುಕ, ನಮ್ಮನ್ನು ನಾವೇ ಆಳಿಕೊಳ್ಳುತ್ತಿದ್ದೆವು, ಮುಂದೆಯೂ ಹಾಗೆಯೇ ಆಳಿಕೊಳ್ಳಬೇಕೆಂದಿದ್ದೆವು, ಅವರಿಗೆ ಅದು ಬೇಕಿರಲಿಲ್ಲ ಎಂದಿದ್ದ. ನಡಿಗೆಯ ಸಂಸ್ಥೆ ಈ ಮಾತನ್ನು ತನ್ನ ಕೊನೆಯ ನಿಲ್ದಾಣಕ್ಕೆ ಸೇರಿಸಿಕೊಂಡರೆ ಒಳ್ಳೆಯದು.

ಕೊರತೆಗಳಿದ್ದರೂ ಇದನ್ನು ಶಿಫಾರಸು ಮಾಡುತ್ತೇನೆ, ಐದರಲ್ಲಿ ನಾಲ್ಕು ಅಂಕ. ಚಿಕ್ಕ ಮಕ್ಕಳಿಗೆ ಬೇಸರವಾಗಬಹುದು. ಹೈಸ್ಕೂಲು ದಾಟಿದವರಿಗೆ ಹೇಳಿಮಾಡಿಸಿದಂತಿದೆ. ಓಲ್ಡ್ ಸೌತ್ ಮತ್ತು ಓಲ್ಡ್ ಸ್ಟೇಟ್ ಹೌಸ್‌ಗಳ ಒಳಗಿನ ಪ್ರವೇಶ ಶುಲ್ಕ ಇದರಲ್ಲಿ ಸೇರಿಲ್ಲ, ಮಾತೆಲ್ಲ ಹೊರಗೆ ನಿಂತೇ ನಡೆಯುತ್ತದೆ. ಆದ್ದರಿಂದ ಬೆಳಗಿನ ನಡಿಗೆಯನ್ನು ಆರಿಸಿಕೊಂಡು, ಮಧ್ಯಾಹ್ನ ಪ್ರತ್ಯೇಕ ಟಿಕೆಟ್ ಪಡೆದು ಓಲ್ಡ್ ಸ್ಟೇಟ್ ಹೌಸ್‌ನ ಮಂಡಲಿಯ ಕೋಣೆಯನ್ನು ನೋಡಿ ಬರುವುದು ಉತ್ತಮ. ಚಳಿಗಾಲದಲ್ಲಿ ಹೋಗುವವರು ಒಂದೇ ಕಡೆ ಬಹಳ ಹೊತ್ತು ನಿಲ್ಲಬೇಕಾಗುತ್ತದೆಂಬುದನ್ನು ನೆನಪಿಟ್ಟು ಬೆಚ್ಚಗಿನ ಬಟ್ಟೆ ತೊಟ್ಟು ಹೊರಡಲಿ.