ಟಿವಿ ಕೆಳಗೊಂದು ಪುಟ್ಟ ಕಂಪ್ಯೂಟರ್: ನಾಲ್ಕೂವರೆ ವರ್ಷ ಬಳಸಿದ ಮೇಲೆ

2021ರ ಆಗಸ್ಟ್‌ನಲ್ಲಿ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ ತಗೊಂಡೆ. ಯಾವುದೋ ಆಫೀಸಿನಲ್ಲಿ ದುಡಿದು ಬಂದ ಡಬ್ಬಿ. ಇಂಟೆಲ್ ಐ5, ಏಳನೇ ಜನರೇಶನ್, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. 11,500 ರೂಪಾಯಿ. ಅವತ್ತಿನಿಂದ ಮೈಸೂರಿನ ನಮ್ಮ ಮನೆಯ ಹಾಲ್‌ನಲ್ಲಿ, 43 ಇಂಚಿನ ಟಿವಿಯ ಕೆಳಗೆ ಇದೆ. ಹೆಚ್ಚುಕಮ್ಮಿ ದಿನಾ ಸಂಜೆ ಕೆಲಸ ಮಾಡುತ್ತದೆ.

ಏಳನೇ ಜನರೇಶನ್ನೇ ಬೇಕು ಅಂತ ಹಟ ಹಿಡಿದಿದ್ದಕ್ಕೆ ಕಾರಣ ಇದೆ. ಈಗ ಸಿಗುವ ಎಚ್‌ಇವಿಸಿ (ವಿಡಿಯೋವನ್ನು ಚಿಕ್ಕದಾಗಿ ಅದುಮಿಡುವ ಒಂದು ವಿಧಾನ) ವಿಡಿಯೋಗಳಲ್ಲಿ 10 ಬಿಟ್‌ನವು, ಅಂದರೆ ಬಣ್ಣದ ಛಾಯೆಗಳು ಹೆಚ್ಚಿರುವವು, ಬಹಳ. ಅವನ್ನು ಚಿಪ್ಪೇ ಸಲೀಸಾಗಿ ಬಿಡಿಸುವ ಸೌಲಭ್ಯ ಇಂಟೆಲ್‌ನಲ್ಲಿ ಪೂರ್ತಿಯಾಗಿ ಬಂದಿದ್ದು ಏಳನೆಯದರಿಂದ. ಆರನೆಯದರಲ್ಲಿ 8 ಬಿಟ್ ಮಾತ್ರ. ಉಳಿದ ಭಾರವೆಲ್ಲ ಪ್ರೊಸೆಸರ್ ಮೇಲೆ ಬಿದ್ದು ಫ್ಯಾನ್ ಕೂಗಲು ಶುರು ಮಾಡುತ್ತದೆ. ಅಂಗಡಿಯಲ್ಲಿ "ಆರನೇದೂ ಅದೇ ಸಾರ್" ಅಂದರೆ ಒಪ್ಪಬೇಡಿ. ಹಿಂದೆ ಯಾವ ಪೋರ್ಟ್ ಇದೆ ಅಂತಲೂ ನೋಡಿ. ಇಂಥ ಆಫೀಸ್ ಡಬ್ಬಿಗಳಲ್ಲಿ ಎಷ್ಟೋ ಸಲ ಎಚ್‌ಡಿಎಂಐ ಇರುವುದಿಲ್ಲ, ಡಿಸ್‌ಪ್ಲೇ ಪೋರ್ಟ್ ಮಾತ್ರ. ನಾನು ಅಡಾಪ್ಟರ್‌ಗೆ ಬೇರೆ ದುಡ್ಡು ಕೊಟ್ಟೆ.

ತಗೊಂಡಿದ್ದು ಒಟಿಟಿ ನೋಡುವುದಕ್ಕೆ. ಆಗ ನಮ್ಮ ಟಿವಿ ಸ್ಮಾರ್ಟ್ ಅಲ್ಲ. ಆದರೆ ಆ ಕೆಲಸಕ್ಕೆ ಕಂಪ್ಯೂಟರ್ ಬೇಡ ಅಂತ ಈಗ ಧೈರ್ಯವಾಗಿ ಹೇಳುತ್ತೇನೆ. ಬ್ರೌಸರ್‌ನಲ್ಲಿ ನೋಡುವಾಗ, ಅದರಲ್ಲೂ ಲಿನಕ್ಸ್‌ನಲ್ಲಿ (ವಿಂಡೋಸ್ ಬದಲು ಹಾಕಿಕೊಳ್ಳುವ ಉಚಿತ ವ್ಯವಸ್ಥೆ), ಕಾಪಿ ತಡೆಯುವ ಬೀಗದ ನಿಯಮದಿಂದಾಗಿ ಹಲವು ಒಟಿಟಿಗಳು ಪೂರ್ತಿ ಕ್ವಾಲಿಟಿ ಕೊಡುವುದಿಲ್ಲ. ದುಡ್ಡು ಪೂರ್ತಿ ಕೊಟ್ಟು ಚಿತ್ರ ಮಾತ್ರ ಮಂಕು. 2023ರಲ್ಲಿ ಟಿವಿಗೆ ಒಂದು ಸ್ಟಿಕ್ ಹಾಕಿದೆವು. ಒಟಿಟಿ ಎಲ್ಲ ಅದಕ್ಕೆ ಹೋಯಿತು. ಕಂಪ್ಯೂಟರನ್ನು ಮಾರಿಬಿಡೋಣ ಅಂತಲೂ ಮಾತಾಯಿತು.

ಅದು ಉಳಿದಿದ್ದು ಅಕ್ಕನ ಮದುವೆಯಿಂದ.

2004ರ ಮದುವೆ. ಸ್ಟುಡಿಯೋದವರು ಕೊಟ್ಟ ನಾಲ್ಕು ವಿಸಿಡಿ ಬೀರುವಿನಲ್ಲಿದ್ದವು. ಯುಎಸ್‌ಬಿ ಡಿವಿಡಿ ಡ್ರೈವ್ ಕಡ ತಂದು ಒಂದೊಂದಾಗಿ ಹಾಕಿದೆ. ಒಳಗೆ 'ಎಂಪೆಗ್‌ಎವಿ' ಅನ್ನುವ ಫೋಲ್ಡರ್, ಅದರಲ್ಲಿ 'ಡ್ಯಾಟ್' ಫೈಲ್. ವಿಡಿಯೋ ಇರುವುದು ಅದರಲ್ಲೇ. ಮೂರು ಸಿಡಿ ಸರಿಯಾಗಿ ಕಾಪಿ ಆದವು. ನಾಲ್ಕನೆಯದರ ಹೊಳಪು ಪದರವೇ ಅಂಚಿನಲ್ಲಿ ಎದ್ದು ಬಂದಿತ್ತು. ಆರತಕ್ಷತೆಯ ಕೊನೆಯ ಭಾಗ ಹೋಯಿತು. ನಿಮ್ಮ ಮನೆಯಲ್ಲೂ ಇಂಥ ಸಿಡಿ ಇದ್ದರೆ ಈ ಭಾನುವಾರವೇ ಕಾಪಿ ಮಾಡಿ. ದಯವಿಟ್ಟು ಮುಂದೂಡಬೇಡಿ.

ವಿಸಿಡಿ ಚಿತ್ರ ಅಂದರೆ ಬರೀ 352 ಅಡ್ಡ, 288 ಉದ್ದದ ಚುಕ್ಕಿಗಳು. 43 ಇಂಚಿಗೆ ಹಿಗ್ಗಿಸಿದರೆ ಮುಖಗಳು ಚೌಕ ಚೌಕ. ಸೋಫಾವನ್ನು ಎರಡಡಿ ಹಿಂದಕ್ಕೆ ತಳ್ಳಿದೆವು, ಆಗ ಕಣ್ಣಿಗೆ ಒಗ್ಗಿತು. ಎರಡನೇ ಸಿಡಿಯಲ್ಲಿ ಛತ್ರದ ಮೂಲೆಯಲ್ಲಿ ಅಜ್ಜಿ ಕೂತು ಮಲ್ಲಿಗೆ ಕಟ್ಟುತ್ತಿದ್ದಾಳೆ. ಹನ್ನೊಂದೇ ಸೆಕೆಂಡ್. ಕ್ಯಾಮೆರಾ ಬಂದಿದ್ದು ನೋಡಿ ಸೆರಗು ಸರಿ ಮಾಡಿಕೊಂಡು ಮತ್ತೆ ಹೂವಿಗೆ ಕೈ ಹಾಕುತ್ತಾಳೆ. "ಲೋ, ಅಲ್ಲೇ ನಿಲ್ಸೋ" ಅಂದಳು ಅಮ್ಮ. ಅಜ್ಜಿಯ ಕೈ ಅಲ್ಲಾಡುವುದು ಕಾಣುವ ವಿಡಿಯೋ ನಮ್ಮ ಹತ್ತಿರ ಇರುವುದು ಅದೊಂದೇ. ಮಾರುವ ಮಾತು ಅವತ್ತಿಗೆ ಮುಗಿಯಿತು.

ಇದಕ್ಕೆಲ್ಲ ನಾನು ಬಳಸುವುದು ಕೋಡಿ. ವಿಡಿಯೋಗಳನ್ನು ಟಿವಿಯಲ್ಲಿ ಜೋಡಿಸಿ ತೋರಿಸುವ ಉಚಿತ ಸಾಫ್ಟ್‌ವೇರ್. ಹಿಂದೆ ಎಕ್ಸ್‌ಬಾಕ್ಸ್ ಅನ್ನುವ ಗೇಮ್ ಡಬ್ಬಿಗಾಗಿ ಹುಟ್ಟಿ ಎಕ್ಸ್‌ಬಿಎಂಸಿ ಅಂತ ಇತ್ತು, 2014ರಲ್ಲಿ ಹೆಸರು ಬದಲಾಯಿತು. ಎರಡು ಸೆಟ್ಟಿಂಗ್ ಮಾತ್ರ ಮರೆಯಬೇಡಿ. ಒಂದು, ವಿಡಿಯೋಗೆ ತಕ್ಕಂತೆ ಟಿವಿಯ ರಿಫ್ರೆಶ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಪರದೆ ಹೊಸದಾಗುತ್ತದೆ ಅನ್ನುವುದು, ಬದಲಾಗುವುದು. ಸಿನಿಮಾ ಸೆಕೆಂಡಿಗೆ 24 ಚಿತ್ರ, ನಮ್ಮ ಹಳೇ ಮದುವೆ ವಿಡಿಯೋ 25. ಟಿವಿ 60ರಲ್ಲೇ ನಿಂತರೆ ಕ್ಯಾಮೆರಾ ಪಕ್ಕಕ್ಕೆ ತಿರುಗಿದಾಗ ಚಿತ್ರ ಜರ್ಕ್ ಹೊಡೆಯುತ್ತದೆ. ಇನ್ನೊಂದು, ಡಿಇಂಟರ್‌ಲೇಸ್, ಅಂದರೆ ಒಂದು ಬಿಟ್ಟು ಒಂದು ಗೆರೆಯಾಗಿ ತುಂಬಿಟ್ಟ ಚಿತ್ರವನ್ನು ಸರಿಯಾಗಿ ಜೋಡಿಸುವುದು. 2009ರ ಗೃಹಪ್ರವೇಶದ ಡಿವಿಡಿಯಲ್ಲಿ ಯಾರಾದರೂ ನಡೆದರೆ ಮೈಯಂಚಿಗೆ ಬಾಚಣಿಗೆ ಹಲ್ಲಿನ ಹಾಗೆ ಗೆರೆ ಬರುತ್ತಿತ್ತು. ಇದನ್ನು ಆನ್ ಮಾಡಿದ ಮೇಲೆ ಹೋಯಿತು.

ರಿಮೋಟ್ ವಿಷಯದಲ್ಲಿ ಕಂಪ್ಯೂಟರ್ ಹಿಂದೆಯೇ. ಒಂದೇ ರಿಮೋಟ್‌ನಲ್ಲಿ ಟಿವಿ, ಡಬ್ಬಿ ಎರಡನ್ನೂ ನಡೆಸುವ ಸಿಇಸಿ ಅನ್ನುವ ಸೌಲಭ್ಯ ಸಾಮಾನ್ಯ ಪಿಸಿಗಳಲ್ಲಿ ಇರುವುದಿಲ್ಲ. ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರ್‌ನಲ್ಲಿ ಇದೆ. ನಾವು ಒಂದು ಏರ್ ಮೌಸ್, ಅಂದರೆ ಗಾಳಿಯಲ್ಲಿ ಆಡಿಸಿದರೆ ಪರದೆಯ ಮೇಲೆ ಬಾಣ ಸರಿಯುವ ರಿಮೋಟ್, ತಗೊಂಡೆವು. ಗುಂಡಿಗಳು ಜಾಸ್ತಿ, ಅಕ್ಷರ ಸಣ್ಣದು. ಅಮ್ಮ ಓಕೆ ಗುಂಡಿಯ ಮೇಲೆ ತನ್ನ ಕೆಂಪು ಸ್ಟಿಕ್ಕರ್ ಬೊಟ್ಟು ಅಂಟಿಸಿಕೊಂಡಳು. ಈಗ ಕತ್ತಲಲ್ಲೂ ಬೆರಳಿಗೆ ಸಿಗುತ್ತದೆ.

ಕರೆಂಟ್ ಖರ್ಚು ಏನೂ ಅಲ್ಲ. ಮೀಟರ್ ಹಾಕಿ ನೋಡಿದೆ, ವಿಡಿಯೋ ಓಡುವಾಗ 15 ವ್ಯಾಟ್ ಸುತ್ತ. ದಿನಕ್ಕೆ ಐದು ಗಂಟೆ ಅಂದರೂ ತಿಂಗಳಿಗೆ ಎರಡೂಕಾಲು ಯೂನಿಟ್. ತೊಂದರೆ ಕೊಟ್ಟಿದ್ದು ಕರೆಂಟ್ ಹೋಗಿ ಬರುವುದು. ಹೋದ ಮಳೆಗಾಲದಲ್ಲಿ ಒಂದೇ ಸಂಜೆ ನಾಲ್ಕು ಸಲ ಹೋಯಿತು. ಮಾರನೇ ದಿನ ವಿಡಿಯೋ ತುಂಬಿದ್ದ ಹೊರಗಿನ ಹಾರ್ಡ್ ಡಿಸ್ಕ್ ಟಕ್ ಟಕ್ ಅನ್ನತೊಡಗಿತು, ಆಮೇಲೆ ಕಾಣಿಸಲೇ ಇಲ್ಲ. ಇನ್ನೊಂದು ಪ್ರತಿ ಅಕ್ಕನ ಮನೆಯಲ್ಲಿ ಇತ್ತು, ಹಾಗಾಗಿ ಬದುಕಿದೆವು. ಈಗ ಚಿಕ್ಕ ಯುಪಿಎಸ್ ಇದೆ. ವರ್ಷಕ್ಕೊಮ್ಮೆ ಪಿಸಿಯ ಮುಚ್ಚಳ ಬಿಚ್ಚಿ ಧೂಳು ತೆಗೆಯುತ್ತೇನೆ. ಬಾಗಿಲಿರುವ ಶೋಕೇಸ್‌ನೊಳಗೆ ಮಾತ್ರ ಇಡಬೇಡಿ, ಬಿಸಿಗಾಳಿಗೆ ಹೋಗಲು ದಾರಿ ಬೇಕು.

ಇದರಲ್ಲಿದ್ದ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಈ ಚಿಪ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಲಿನಕ್ಸ್ ಮಿಂಟ್ ಹಾಕಿದೆ, ಒಂದು ಮಧ್ಯಾಹ್ನದ ಕೆಲಸ. ಕೋಡಿ ಅದರಲ್ಲೂ ಹಾಗೇ ನಡೆಯುತ್ತಿದೆ. ಅಮ್ಮನಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ.

ಇನ್ನು ಬಾಕಿ ಇರುವುದು ಎರಡು ವಿಎಚ್‌ಎಸ್ ಕ್ಯಾಸೆಟ್, 1996ರ ನನ್ನ ಉಪನಯನದ್ದು. ಒಂದರ ಟೇಪಿಗೆ ಆಗಲೇ ಬೂಷ್ಟು ಹತ್ತಿದೆ. ಕ್ಯಾಸೆಟ್‌ನ ಚಿತ್ರವನ್ನು ಕಂಪ್ಯೂಟರ್‌ಗೆ ಇಳಿಸುವ ಕ್ಯಾಪ್ಚರ್ ಡಬ್ಬಿ ತಂದಿಟ್ಟಿದ್ದೇನೆ. ಮೈಸೂರಿನ ಸುತ್ತಮುತ್ತ ಯಾರ ಹತ್ತಿರವಾದರೂ ಸರಿಯಾಗಿ ಓಡುವ ವಿಸಿಆರ್ ಇದ್ದರೆ ಹೇಳಿ, ಒಂದು ವಾರ ಬಾಡಿಗೆಗೆ ತಗೊಳ್ಳುತ್ತೇನೆ.