ಬಾಣಂತಿಗೆ ಎಂಥ ತೋಟದ ಮನೆ ಬೇಕು: ಕಕ್ಕಬ್ಬೆಯಲ್ಲಿ ನಾಲ್ಕು ದಿನ

ಈ ಹೋಂಸ್ಟೇಯ ಹೆಸರನ್ನು ಬರೆಯುತ್ತಿಲ್ಲ. ಇರುವುದು ಎರಡೇ ಕೋಣೆ, ಅಡುಗೆಗೆ ನಿಲ್ಲುವವರು ಅರವತ್ತು ದಾಟಿದ ಮನೆಯೊಡತಿ ಒಬ್ಬರೇ. ಹೆಚ್ಚು ಜನ ಬಂದರೆ ತಮ್ಮಿಂದಾಗದು, ಹೆಸರು ಹಾಕಬೇಡಿ ಎಂದು ಅವರೇ ಕೇಳಿಕೊಂಡರು. ಆದರೂ ಬರೆಯುತ್ತಿದ್ದೇನೆ. ಹಸುಗೂಸು ಕಟ್ಟಿಕೊಂಡು ಕೊಡಗಿಗೆ ಹೋಗುವವರು ಎಂಥ ಮನೆ ನೋಡಬೇಕು ಎಂದು ನಾನು ಹುಡುಕಿದಾಗ ಸಿಕ್ಕಿದ್ದೆಲ್ಲ ಮಂಜಿನ ಚಿತ್ರಗಳು, ಜಲಪಾತದ ಚಿತ್ರಗಳು. ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಒಬ್ಬರೂ ಬರೆದಿರಲಿಲ್ಲ.

ಡಿಸೆಂಬರ್‌ನಲ್ಲಿ ನನಗೆ ಸಿಸೇರಿಯನ್ ಆಯಿತು. ಬಾಣಂತನ ಹುಣಸೂರಿನ ತವರಿನಲ್ಲಿ. ಮುಚ್ಚಿದ ಕಿಟಕಿ, ಕಿವಿಗೆ ಹತ್ತಿ, ಸಾಂಬ್ರಾಣಿ ಹೊಗೆ, ಮೆಣಸು ಬೆಳ್ಳುಳ್ಳಿಯ ಸಾರು. ಅಮ್ಮ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಆದರೆ ಆರು ವಾರ ಕಳೆದರೂ ನಾನು ಹಾಲೂಡಿಸುತ್ತಾ ಗೋಡೆ ನೋಡಿಕೊಂಡು ಅಳುತ್ತಿದ್ದೆ. ಹೆರಿಗೆಯ ನಂತರ ಮೊದಲ ಒಂದೆರಡು ವಾರ ಕಾರಣವಿಲ್ಲದೆ ಅಳು ಬರುವುದು ಬಹಳ ಜನರಿಗೆ ಇರುತ್ತದೆ. ಎರಡು ವಾರ ದಾಟಿಯೂ ಉಳಿದರೆ ವೈದ್ಯರಿಗೆ ತೋರಿಸಬೇಕು. ಇದು ನನಗೆ ತಿಳಿದದ್ದು ಮಗುವಿನ ಚುಚ್ಚುಮದ್ದಿಗೆ ಹೋದ ದಿನ. ಅಲ್ಲಿನ ವೈದ್ಯೆ ನನ್ನ ಮುಖ ನೋಡಿ ಹತ್ತು ಪ್ರಶ್ನೆಗಳ ಹಾಳೆಯೊಂದನ್ನು ಕೈಗಿತ್ತರು. ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸಲು 1987ರಲ್ಲಿ ರೂಪಿಸಿದ ಎಡಿನ್‌ಬರ್ಗ್ ಮಾಪನ ಅದು, ಕನ್ನಡದಲ್ಲಿಯೂ ಇದೆ. ನನಗೆ ಬಂದ ಅಂಕ ನೋಡಿ ಮನೋವೈದ್ಯರ ಬಳಿಗೆ ಕಳಿಸಿದರು. ಔಷಧ ಶುರುವಾಯಿತು. ದಿನವೂ ಸ್ವಲ್ಪ ಹೊತ್ತು ಬಯಲಿನಲ್ಲಿ ನಡೆಯಿರಿ ಎಂದೂ ಅವರು ಹೇಳಿದರು. ಕಕ್ಕಬ್ಬೆಗೆ ಹೊರಟದ್ದು ಆ ಮಾತಿನಿಂದ, ಮಾತ್ರೆಗಳನ್ನು ಚೀಲದಲ್ಲಿಟ್ಟುಕೊಂಡೇ.

ಹುಣಸೂರು, ಗೋಣಿಕೊಪ್ಪಲು, ವಿರಾಜಪೇಟೆ ದಾಟಿ ಹೋದೆವು. ಹಾಲೂಡಿಸಲು ಮೂರು ಕಡೆ ಕಾರು ನಿಲ್ಲಿಸಿದೆವು. ಅಲ್ಲಿಯವರೆಗೆ ತೊಂದರೆಯಿರಲಿಲ್ಲ. ಡಾಂಬರು ಮುಗಿದ ಮೇಲೆ ಮನೆಗೆ ಎರಡು ಕಿಲೋಮೀಟರ್ ಕಲ್ಲಿನ ದಾರಿ ಇದೆ, ಜೀಪಿನಲ್ಲೇ ಹೋಗಬೇಕು. ನಮಗೆ ಕೋಣೆ ಗೊತ್ತುಮಾಡಿಕೊಟ್ಟವರು ಇದನ್ನು ಹೇಳಲೇ ಇಲ್ಲ, ಮೂರು ತಿಂಗಳ ಬಾಣಂತಿ ಎಂದು ಎರಡು ಸಲ ತಿಳಿಸಿದ್ದರೂ. ಪ್ರತಿ ಕುಲುಕಿಗೂ ಹೊಲಿಗೆಯ ಜಾಗ ಜಗ್ಗುತ್ತಿತ್ತು. ಕೊನೆಗೆ ನಾನು ಇಳಿದು ನಡೆದೆ. ದಾರಿಯ ಸ್ಥಿತಿ ತಿಳಿಯದೆ ದಯವಿಟ್ಟು ಹಣ ಕಟ್ಟಬೇಡಿ.

ಮನೆ ಹಂಚಿನದು. ಮುಂದೆ ಉದ್ದನೆಯ ಜಗಲಿ, ಅದರ ಎದುರು ಕಾಫಿ ಒಣಗಿಸುವ ಕಣ, ಕಣದಾಚೆ ತೋಟ. ಸೌದೆ ಒಲೆಯ ಹಂಡೆಯಲ್ಲಿ ನೀರು ಬೆಳಗಿನ ಐದಕ್ಕೇ ಕುದಿಯುತ್ತಿರುತ್ತದೆ, ಕರೆಂಟು ಹೋದರೂ ಚಿಂತೆಯಿಲ್ಲ.

ಮೊದಲ ದಿನ ಐದೂವರೆಗೇ ಎದ್ದು ಹೊರಟೆ. "ಈಗ ಬೇಡ, ಆನೆ ಇರುತ್ತದೆ. ಏಳರ ಮೇಲೆ ಕೆಲಸದವರು ತೋಟಕ್ಕೆ ಇಳಿಯುತ್ತಾರಲ್ಲ, ಆಗ ಹೋಗು" ಎಂದು ಮನೆಯೊಡತಿ ಆಂಟಿ ತಡೆದರು. ಏಳಕ್ಕೆ ಮಗುವಿಗೆ ಹಾಲೂಡಿಸಿದೆ, ಅವರು ಕೈಚಾಚಿ ಎತ್ತಿಕೊಂಡರು. ನಾನು ತಲೆಯ ಬಟ್ಟೆ ಬಿಚ್ಚಹೋದರೆ ಅದಕ್ಕೂ ಗದರಿದರು: "ಮಂಜು ಇದೆ, ಕಟ್ಟಿಕೊ."

ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ವಾರ ಕಳೆದಿತ್ತು. ಗಿಡಗಳ ರೆಂಬೆ ರೆಂಬೆಯೂ ಬೆಳ್ಳಗೆ, ಮಲ್ಲಿಗೆಯನ್ನೇ ನೆನಪಿಸುವ ವಾಸನೆ. ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿಗಳ ನಡುವೆ ಕಾಲುದಾರಿ. ಎಲ್ಲೋ ಮೇಲೆ ಕುಟ್ರುಹಕ್ಕಿ ಬಿಡದೆ ಕೂಗುತ್ತಿತ್ತು. ತೋಟದ ಅಂಚಿಗೆ ಬಂದರೆ ತಡಿಯಂಡಮೋಳ್ ಬೆಟ್ಟ, 1,748 ಮೀಟರ್, ಕೊಡಗಿನಲ್ಲೇ ಎತ್ತರದ್ದು. ಅದನ್ನು ಹತ್ತುವ ಆಸೆಯೇನೂ ಹುಟ್ಟಲಿಲ್ಲ. ಅಲ್ಲಿದ್ದ ಕಲ್ಲಿನ ಮೇಲೆ ಕುಳಿತೆ. ಮೂರು ತಿಂಗಳಲ್ಲಿ ಮೊದಲ ಬಾರಿಗೆ ನನ್ನ ಎರಡೂ ಕೈ ಖಾಲಿ ಇದ್ದವು. ಮಗು ಅತ್ತಂತೆ ಕೇಳಿಸಿ ಎರಡು ಸಲ ಎದ್ದೆ. ಮೂರನೆಯ ಸಲ ಏಳಲಿಲ್ಲ. ಒಟ್ಟು ನಲವತ್ತು ನಿಮಿಷ. ಹಿಂತಿರುಗಿದಾಗ ಮಗು ಆಂಟಿಯ ಮಡಿಲಲ್ಲಿ ಮಲಗಿತ್ತು, ನನಗೆ ಹಸಿವಾಗಿತ್ತು. ಹಸಿವಾಗಿದೆ ಎಂದು ಗಂಡನಿಗೆ ನಾನೇ ಹೇಳಿದ್ದು ಎಷ್ಟೋ ವಾರಗಳ ನಂತರ.

ನನ್ನನ್ನು ಎಬ್ಬಿಸಿದ್ದು ತೋಟವೋ, ಮಗುವನ್ನು ಎತ್ತಿಕೊಂಡ ಆ ಕೈಯೋ? ಕೈಯಿಲ್ಲದೆ ತೋಟ ನನಗೆ ದಕ್ಕುತ್ತಿರಲಿಲ್ಲ. ಆದ್ದರಿಂದ ಕೋಣೆ ಕಾದಿರಿಸುವವರು ನೋಟ ಹೇಗಿದೆ ಎಂದು ಕೇಳುವ ಮೊದಲು, ಮಗುವನ್ನು ಅರ್ಧ ಗಂಟೆ ನೋಡಿಕೊಳ್ಳುವವರು ಜೊತೆಗೆ ಬರುತ್ತಾರೆಯೇ ಎಂದು ಮನೆಯಲ್ಲೇ ಕೇಳಿಕೊಳ್ಳಿ. ಆಂಟಿ ಎತ್ತಿಕೊಂಡದ್ದು ಅವರ ಪ್ರೀತಿ, ಬಾಡಿಗೆಯ ಲೆಕ್ಕದಲ್ಲಿ ಬರುವುದಲ್ಲ. ಎರಡನೆಯ ದಿನದಿಂದ ನನ್ನ ಗಂಡ ಆ ಕೆಲಸ ವಹಿಸಿಕೊಂಡರು.

ಆಂಟಿಯ ಮೂರು ಬಾಣಂತನಗಳೂ ಇದೇ ಮನೆಯಲ್ಲಂತೆ. ಅರವತ್ತು ದಿನ ಕೋಣೆ ಬಿಟ್ಟು ಬರುವಂತಿರಲಿಲ್ಲ. ಆಮೇಲೆ ಬಾವಿಗೆ ಹೋಗಿ ಗಂಗೆ ಪೂಜೆ ಮಾಡಿ ನೀರು ಸೇದುವುದು ಕೊಡವರ ಪದ್ಧತಿ. "ಎರಡನೆಯ ಸಲ ಬಾವಿಕಟ್ಟೆಯ ಮೇಲೆ ಕುಳಿತು ಜೋರಾಗಿ ಅತ್ತುಬಿಟ್ಟೆ. ಅತ್ತೆ ಏನೂ ಕೇಳಲಿಲ್ಲ, ಕೊಡ ತಾವೇ ಹೊತ್ತುಕೊಂಡರು" ಎಂದರು. ಆ ಬಾವಿ ಈಗಲೂ ಇದೆ, ಹಿತ್ತಲಲ್ಲಿ.

ಊಟ ಚೆನ್ನಾಗಿತ್ತು: ಅಕ್ಕಿ ತರಿಯ ಉಂಡೆ ಕಡಂಬುಟ್ಟು, ಅಕ್ಕಿ ಒಟ್ಟಿ ಎನ್ನುವ ರೊಟ್ಟಿ, ನನಗೆಂದೇ ಖಾರ ಇಳಿಸಿದ ಕೋಳಿ ಸಾರು. ಒಬ್ಬರಿಗೆ ದಿನಕ್ಕೆ ಊಟ ಸೇರಿ 2,200 ರೂಪಾಯಿ. ಶನಿವಾರ ಪಕ್ಕದ ಕೋಣೆಗೆ ಬಂದವರು ರಾತ್ರಿ ಒಂದರವರೆಗೆ ಹಾಡು ಹಾಕಿದ್ದರಿಂದ ಮಗುವೂ ನಾನೂ ನಿದ್ದೆಗೆಟ್ಟೆವು; ನನ್ನ ಮನಸ್ಸು ಮರುದಿನವೆಲ್ಲ ಕುಸಿದೇ ಇತ್ತು. ನಿದ್ದೆ ಕೆಟ್ಟರೆ ಯಾವ ತೋಟವೂ ಸಾಲದು. ಸೋಮವಾರದಿಂದ ಗುರುವಾರದೊಳಗೆ ಹೋಗಿ.

ಹೂವಿನ ದಿನಗಳಲ್ಲಿ ಜೇನುನೊಣ ವಿಪರೀತ, ಮಗುವನ್ನು ಗಿಡಗಳ ಹತ್ತಿರ ಒಯ್ಯಬೇಡಿ. ಮಳೆಗಾಲದಲ್ಲಿ ಜಿಗಣೆ, ಜಾರುವ ದಾರಿ, ಆಗ ಬೇಡವೇ ಬೇಡ. ಮೊಬೈಲ್ ಸಿಗ್ನಲ್ ಕಣದ ಒಂದು ಮೂಲೆಯಲ್ಲಿ ಮಾತ್ರ ಇದೆ. ಹೋಗುವ ಮೊದಲು ವೈದ್ಯರನ್ನು ಕೇಳಿ. ಬದುಕೇ ಬೇಡವೆನ್ನಿಸುತ್ತಿದ್ದರೆ, ಮಗುವಿಗೇನಾದರೂ ಮಾಡಿಬಿಡುತ್ತೇನೋ ಎಂಬ ಭಯವಿದ್ದರೆ ಇಂಥ ದೂರದ ಮನೆಗೆ ಹೊರಡಬೇಡಿ. ಅಂದೇ ಆಸ್ಪತ್ರೆಗೆ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವ ವಿಭಾಗವೇ ಇದೆ.

ಡಿಸೆಂಬರ್‌ಗೆ ಅದೇ ಕೋಣೆ ಹೇಳಿಟ್ಟು ಬಂದಿದ್ದೇವೆ. ಆಗ ಕಣದ ತುಂಬ ಕಾಫಿ ಹಣ್ಣು ಹರಡಿರುತ್ತದಂತೆ. "ಅಷ್ಟು ಹೊತ್ತಿಗೆ ಇವನು ನಡೆಯುತ್ತಾನೆ, ಜಗಲಿ ಮೆಟ್ಟಿಲಿಗೆ ಅಡ್ಡಪಟ್ಟಿ ಹೊಡೆಸುತ್ತೇನೆ" ಎಂದರು ಆಂಟಿ, ಜೀಪಿನ ಬಾಗಿಲು ಮುಚ್ಚುತ್ತಾ.