ಹಬ್ ಡೈನಮೊ ಜೊತೆ ಒಂದು ಸೀಸನ್: 7,800 ಕಿ.ಮೀ., ನಾಲ್ಕು ಬ್ರೆವೆ, ಮುಂದೆ ಪ್ಯಾರಿಸ್

2024ರ ನವೆಂಬರ್‌ನಲ್ಲಿ ನನ್ನ ಸೈಕಲ್ಲಿನ ಮುಂದಿನ ಚಕ್ರಕ್ಕೆ ಹಬ್ ಡೈನಮೊ ಹಾಕಿಸಿದೆ, ಅಂದರೆ ಚಕ್ರದ ನಡುವೆ ಕೂತು, ಚಕ್ರ ತಿರುಗಿದಂತೆ ಲೈಟಿಗೆ ಕರೆಂಟ್ ಕೊಡುವ ಡೈನಮೊ. 2025ರ ಅಕ್ಟೋಬರ್ 31ಕ್ಕೆ ಬ್ರೆವೆ ಸೀಸನ್ ಮುಗಿಯಿತು. ಅಷ್ಟರಲ್ಲಿ ಆ ಚಕ್ರ 7,800 ಕಿಲೋಮೀಟರ್ ಉರುಳಿದೆ. ಅದರಲ್ಲಿ 2,600 ರಾತ್ರಿಯವು. ಇಷ್ಟು ಬಳಸಿದ ಮೇಲೆ ಬರೆಯಬಹುದು ಅನ್ನಿಸಿತು. ಯಾವುದೋ ಒಂದು ಕಂಪನಿಯ ಬಗ್ಗೆ ಅಲ್ಲ, ಹಬ್ ಡೈನಮೊ ಅನ್ನುವ ವಸ್ತುವಿನ ಬಗ್ಗೆ.

ಮೊದಲು ಬ್ರೆವೆ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಇದು ರೇಸ್ ಅಲ್ಲ. ಇಷ್ಟು ದೂರವನ್ನು ಇಷ್ಟು ಹೊತ್ತಿನೊಳಗೆ ಮುಗಿಸಬೇಕು, ಅಷ್ಟೇ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40. ದಾರಿಯಲ್ಲಿ ಅಲ್ಲಲ್ಲಿ ಕಂಟ್ರೋಲ್ ಇರುತ್ತದೆ. ಅಲ್ಲಿ ಕಾರ್ಡಿಗೆ ಸೀಲ್ ಹಾಕಿಸಬೇಕು, ಇಲ್ಲಾಂದ್ರೆ ಅಂಗಡಿ ಬಿಲ್ಲೋ ಎಟಿಎಂ ಚೀಟಿಯೋ ತೋರಿಸಬೇಕು. ಒಂದೇ ಸೀಸನ್ನಿನಲ್ಲಿ ಈ ನಾಲ್ಕನ್ನೂ ಮುಗಿಸಿದವರನ್ನು ಸೂಪರ್ ರಾಂಡೊನ್ಯೂರ್ ಅನ್ನುತ್ತಾರೆ. 300 ದಾಟಿದರೆ ರಾತ್ರಿ ತಪ್ಪಿದ್ದಲ್ಲ. ಲೈಟ್ ಇಲ್ಲದವರಿಗೆ ಅಲ್ಲಿ ಜಾಗವೂ ಇಲ್ಲ.

ಅದಕ್ಕೂ ಹಿಂದಿನ ಎರಡು ವರ್ಷ ನಾನು ಬ್ಯಾಟರಿ ಲೈಟ್ ಇಟ್ಟುಕೊಂಡೇ ಓಡಿಸಿದವನು. ಎರಡು ಲೈಟು, ಒಂದು ಪವರ್ ಬ್ಯಾಂಕು, ಮೂರು ಕೇಬಲ್ಲು. ಕಂಟ್ರೋಲಿನಲ್ಲಿ ಎಲ್ಲರೂ ಇಡ್ಲಿ ತಿನ್ನುವಾಗ ನಾನು ಪ್ಲಗ್ ಪಾಯಿಂಟ್ ಹುಡುಕುತ್ತಿದ್ದೆ. ಚಾರ್ಜ್ ಉಳಿಯಲಿ ಅಂತ ಬೆಳಕು ಕಡಿಮೆ ಇಟ್ಟು, ಗುಂಡಿ ಕಾಣದೆ ನಿಧಾನಕ್ಕೆ ಹೋಗಿ, ಅದರಿಂದ ಇನ್ನೂ ಹೊತ್ತಾಗಿ, ಚಾರ್ಜ್ ಮತ್ತೂ ಇಳಿದು... ಹೀಗೇ. 2024ರಲ್ಲಿ ಒಂದು 400 ನನ್ನ ಕೈ ತಪ್ಪಿದ್ದು ಕಾಲು ಸೋತು ಅಲ್ಲ. ಬೆಳಕು ಸಾಲದೆ.

ಚಕ್ರ ಕಟ್ಟಿಕೊಟ್ಟವರು ಮೈಸೂರಿನ ಹಳೆಯ ಮೆಕ್ಯಾನಿಕ್ ಒಬ್ಬರು, ಅರವತ್ತು ದಾಟಿದವರು. ಹಬ್ ಕೈಯಲ್ಲಿ ಹಿಡಿದು ಆಕ್ಸಲ್ ತಿರುಗಿಸಿದರು. ಒಳಗೆ ಅಯಸ್ಕಾಂತ ಹಿಡಿದು ಬಿಟ್ಟಂತೆ ಟಕ ಟಕ ಅಂತ ಬೆರಳಿಗೆ ಸಿಕ್ಕಿತು. "ಸಾರ್, ಇದು ನಮ್ಮ ಹಳೇ ಡೈನಮೊನೇ. ಆಗ ಟಯರ್ ಪಕ್ಕ ಇರ್ತಿತ್ತು, ಈಗ ಒಳಗೆ ಕೂತಿದೆ" ಅಂದರು. ನಿಜ. ನಮ್ಮಪ್ಪನ ಸೈಕಲ್ಲಿನಲ್ಲಿ ಬಾಟಲಿಯಂತಹ ಡೈನಮೊ ಟಯರಿಗೆ ಒರಗಿ ಗರ್ರ್ ಅನ್ನುತ್ತಿತ್ತು. ಸಂಜೆ ಆ ಸದ್ದು ಕೇಳಿದರೆ ಅಪ್ಪ ಬಂದರು ಅಂತ ಲೆಕ್ಕ. ಮಳೆ ಬಂದರೆ ಅದು ಟಯರ್ ಮೇಲೆ ಜಾರಿ ದೀಪ ಆರುತ್ತಿತ್ತು. ಹಬ್ ಡೈನಮೊ ಜಾರುವುದಿಲ್ಲ, ಸದ್ದೂ ಮಾಡುವುದಿಲ್ಲ. ಚಕ್ರದ ನಡುವೆ ತಂತಿಯ ಸುರುಳಿ ಕೂತಿರುತ್ತದೆ, ಅಯಸ್ಕಾಂತದ ಬಳೆ ಅದರ ಸುತ್ತ ತಿರುಗುತ್ತದೆ. 6 ವೋಲ್ಟ್, 3 ವ್ಯಾಟ್. ಗಂಟೆಗೆ ಹದಿನೈದು ಕಿ.ಮೀ. ವೇಗ ಬಂದರೆ ಪೂರ್ತಿ ಬೆಳಕು.

ಖರ್ಚು ಸಣ್ಣದಲ್ಲ. ಹಬ್, ಮುಂದಿನ ಲೈಟು, ಹಿಂದಿನ ಕೆಂಪು ದೀಪ, ಹೊಸ ರಿಮ್, ಕಡ್ಡಿ, ಕೂಲಿ ಎಲ್ಲ ಸೇರಿ 23,500 ರೂಪಾಯಿ ಆಯಿತು. ಮನೆಯಲ್ಲಿ "ಏನ್ರೀ, ಒಂದು ಚಕ್ರಕ್ಕಾ?" ಅಂತ ಕೇಳಿದರು. ಆಗ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ.

ಎಲ್ಲರೂ ಕೇಳುವ ಪ್ರಶ್ನೆ, ತುಳಿಯಲು ಭಾರ ಆಗಲ್ವಾ? ಆಗುತ್ತದೆ, ಆದರೆ ಗೊತ್ತಾಗುವುದಿಲ್ಲ. 3 ವ್ಯಾಟ್ ಬೆಳಕಿಗೆ ಕಾಲಿನಿಂದ ಐದಾರು ವ್ಯಾಟ್ ಹೋಗುತ್ತದೆ. ದಿನವಿಡೀ ನನ್ನ ಕಾಲು ಕೊಡುವುದು ನೂರು, ನೂರಿಪ್ಪತ್ತು. ಲೈಟ್ ಆಫ್ ಇದ್ದಾಗ ಎಳೆತ ಇನ್ನೂ ಕಡಿಮೆ. ಒಂದೇ ರಸ್ತೆಯಲ್ಲಿ ಆನ್ ಮಾಡಿ, ಆಫ್ ಮಾಡಿ ಎಷ್ಟೋ ಸಲ ನೋಡಿದೆ. ಎದುರುಗಾಳಿಯ ಮುಂದೆ ಇದು ಲೆಕ್ಕಕ್ಕೇ ಬರುವುದಿಲ್ಲ. ಈಗ ಹಗಲಲ್ಲೂ ಲೈಟ್ ಹಾಕಿಯೇ ಇರುತ್ತೇನೆ, ಬಸ್ಸಿನವರಿಗೆ ದೂರದಿಂದ ಕಾಣಲಿ ಅಂತ.

ನನಗೆ ತುಂಬ ಇಷ್ಟವಾದದ್ದು ಬೆಳಕು ಬೀಳುವ ರೀತಿ. ಕಾರಿನ ಡಿಪ್ ಲೈಟಿನ ಹಾಗೆ ಮೇಲ್ಭಾಗ ಕತ್ತರಿಸಿದಂತೆ ಇರುತ್ತದೆ. ರಸ್ತೆ ಮೇಲೆ ಅಗಲವಾದ ಚಾಪೆ ಹಾಸಿದ ಹಾಗೆ, ಎದುರಿನವರ ಕಣ್ಣಿಗೆ ಮಾತ್ರ ಹೊಡೆಯುವುದಿಲ್ಲ. ರಸ್ತೆಗುಬ್ಬ ಬಂದರೆ ಮುಂದೆ ನೆರಳಿನ ಒಂದು ಗೆರೆ ಮೊದಲೇ ಕಾಣುತ್ತದೆ. ನಿಂತರೂ ನಾಲ್ಕೈದು ನಿಮಿಷ ಸಣ್ಣ ದೀಪ ಉರಿಯುತ್ತಾ ಇರುತ್ತದೆ. ಪಂಕ್ಚರ್ ಹಾಕಲು ಅದು ಸಾಲದು, ತಲೆಗೆ ಕಟ್ಟುವ ಸಣ್ಣ ಟಾರ್ಚ್ ಬೇಕೇ ಬೇಕು.

ತೊಂದರೆಗಳೂ ಇವೆ. ಏರಿನಲ್ಲಿ ಬೆಳಕು ನಡುಗುತ್ತದೆ. ಚಾಮುಂಡಿ ಬೆಟ್ಟವನ್ನು ನಾನು ಗಂಟೆಗೆ ಎಂಟೊಂಬತ್ತರಲ್ಲಿ ಹತ್ತುತ್ತೇನೆ. ಮುಂಜಾನೆ ಐದಕ್ಕೆ ಹತ್ತುವಾಗ ಪೆಡಲಿನ ಲಯಕ್ಕೆ ಸರಿಯಾಗಿ ಬೆಳಕು ಮಿಣುಕುತ್ತದೆ. ಮೊಬೈಲ್ ಚಾರ್ಜ್ ಆಗುತ್ತದೆ ಅಂತ ಕೊಂಡರೆ ನಿರಾಸೆ ಆಗಬಹುದು. ಲೈಟ್ ಆಫ್ ಇದ್ದು, ವೇಗ ಹದಿನೈದಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಚಾರ್ಜ್ ಏರುತ್ತದೆ. ಎರಡೂ ಒಟ್ಟಿಗೆ ನಡೆಯುವುದಿಲ್ಲ. ಇನ್ನು ಸೈಕಲ್ ಮುನ್ನೂರು ಗ್ರಾಂ ಆಸುಪಾಸು ತೂಕ ಹೆಚ್ಚಿತು. ನನ್ನ ಹೊಟ್ಟೆಯ ಮೇಲೆ ಹೋದ ವರ್ಷ ಇಳಿದದ್ದು ಅದಕ್ಕಿಂತ ಜಾಸ್ತಿ.

ದೊಡ್ಡ ಏಟು ಬಿದ್ದದ್ದು ಫೆಬ್ರವರಿಯ 400ರಲ್ಲಿ. ಬೆಂಗಳೂರಿನಿಂದ ಹಾಸನ ದಾಟಿ ಹೋಗಿ ವಾಪಸ್. ಬರುವಾಗ ಹಿರೀಸಾವೆ ಹತ್ತಿರ, ರಾತ್ರಿ ಒಂದೂವರೆಗೆ, ಲೈಟ್ ಪಟ್ಟನೆ ಆರಿತು. ಹಬ್‌ನಿಂದ ಹೊರಡುವ ತಂತಿ ಕನೆಕ್ಟರ್ ಬುಡದಲ್ಲೇ ತುಂಡಾಗಿತ್ತು. ಅಷ್ಟು ದಿನದ ಅದುರಾಟಕ್ಕೆ ತಾಮ್ರದ ಎಳೆ ಒಂದೊಂದೇ ಕಡಿದಿರಬೇಕು. ಲಾರಿಗಳು ನಿಲ್ಲುವ ಟೀ ಅಂಗಡಿವರೆಗೆ ತಳ್ಳಿಕೊಂಡು ಹೋದೆ. ಅಂಗಡಿಯವರು ಹಾಲಿನ ಪ್ಯಾಕೆಟ್ ಕತ್ತರಿಸುವ ಬ್ಲೇಡ್ ಕೊಟ್ಟು, "ನೋಡ್ಕಳಿ ಅಣ್ಣ, ಕೈ ನಡುಗ್ತಾ ಐತೆ" ಅಂದರು. ಚಳಿಗೆ ನಡುಗುತ್ತಿತ್ತು. ಸಿಪ್ಪೆ ಕೆತ್ತಿ, ಎಳೆ ಹೊಸೆದು, ಟೇಪ್ ಸುತ್ತಿ, ಚಕ್ರ ಕೈಯಲ್ಲಿ ತಿರುಗಿಸಿದೆ. ಅಂಗಡಿ ಗೋಡೆ ಮೇಲೆ ಬೆಳಕು ಬಿತ್ತು. ಇಪ್ಪತ್ತೈದು ನಿಮಿಷ ಹೋಯಿತು, 25 ಗಂಟೆ 10 ನಿಮಿಷಕ್ಕೆ ಮುಗಿಸಿದೆ. ಆಮೇಲೆ ಕನೆಕ್ಟರ್ ಪಕ್ಕದಲ್ಲಿ ತಂತಿಯನ್ನು ಸ್ವಲ್ಪ ಸಡಿಲವಾಗಿ ಬಳಸಿ ಫೋರ್ಕಿಗೆ ಟ್ಯಾಗ್ ಹಾಕಿ ಬಿಗಿದೆ. ಮತ್ತೆ ತುಂಡಾಗಿಲ್ಲ. ಕೊಳ್ಳುವವರು ಮೊದಲ ದಿನವೇ ಇದನ್ನು ಮಾಡಿ. ಎರಡು ಕನೆಕ್ಟರ್ ಚೀಲದಲ್ಲಿರಲಿ.

ಉಳಿದ ವರ್ಷ ಹೇಗಿತ್ತು ಅಂದರೆ, ಡಿಸೆಂಬರ್‌ನ 200 ಮತ್ತು ಜನವರಿಯ 300 ಸಲೀಸಾಗಿ ಮುಗಿದವು. ಮಾರ್ಚ್‌ನ 600 ಮುಗಿಯಲಿಲ್ಲ. ಎರಡನೇ ದಿನ ಹಿರಿಯೂರು ಕಡೆಯ ಬಿಸಿಲಿಗೆ ಹೊಟ್ಟೆ ಕೈಕೊಟ್ಟಿತು. ನೀರು ಕುಡಿದರೂ ನಿಲ್ಲಲಿಲ್ಲ. 440ರಲ್ಲಿ ಕೈಬಿಟ್ಟು ಬಸ್ಸಿನ ಟಾಪ್ ಮೇಲೆ ಸೈಕಲ್ ಕಟ್ಟಿಸಿದೆ. ಆ ವಾರವೆಲ್ಲ ಮನಸ್ಸು ಸರಿ ಇರಲಿಲ್ಲ.

ಆಗ ಒಂದು ಮಾತು ಹೊಳೆಯಿತು. ನಾನು ಇನ್ನೂ ಬ್ಯಾಟರಿ ಕಾಲದವನ ಹಾಗೇ ಓಡಿಸುತ್ತಿದ್ದೆ. ಹಗಲಲ್ಲಿ ಬಿಸಿಲಿಗೆ ಬಿದ್ದು ದೂರ ಮುಗಿಸುವುದು, ರಾತ್ರಿ ಹೆದರಿ ಮಲಗುವುದು. ಬೆಳಕು ಮುಗಿಯದ ಮೇಲೆ ರಾತ್ರಿಗೆ ಯಾಕೆ ಹೆದರಬೇಕು? ಏಪ್ರಿಲ್‌ನಿಂದ ಅಭ್ಯಾಸವನ್ನೇ ತಿರುಗಿಸಿದೆ. ಮಂಗಳವಾರ, ಗುರುವಾರ ಬೆಳಗಿನ ಜಾವ ನಾಲ್ಕಕ್ಕೆ ನಂಜನಗೂಡಿಗೆ ಹೋಗಿ ಬಂದು ಆಫೀಸು. ಶನಿವಾರ ಊಟ ಮುಗಿಸಿ ಒಂಬತ್ತಕ್ಕೆ ಹೊರಟು ಹುಣಸೂರು, ಪಿರಿಯಾಪಟ್ಟಣ ಕಡೆ, ಇಲ್ಲ ಬನ್ನೂರು, ನರಸೀಪುರ ಕಡೆ. ಬಂಡೀಪುರದ ರಸ್ತೆ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಮುಚ್ಚಿರುತ್ತದೆ, ಆ ಕಡೆ ಬೇಡ. ಭಾನುವಾರ ಮಕ್ಕಳು ಏಳುವ ಹೊತ್ತಿಗೆ ಮನೆಯಲ್ಲಿರುತ್ತಿದ್ದೆ. ಮನೆಯವರಿಗೂ ಇದೇ ಇಷ್ಟವಾಯಿತು. ಭಾನುವಾರ ಪೂರ್ತಿ ಮನೆಗೆ ಸಿಕ್ಕಿತಲ್ಲ. "ಒಂದು ಚಕ್ರಕ್ಕಾ?" ಅನ್ನುವುದಕ್ಕೆ ಉತ್ತರ ಅಲ್ಲಿತ್ತು.

ಸೆಪ್ಟೆಂಬರ್‌ನಲ್ಲಿ ಅದೇ 600 ಮತ್ತೆ. ಬೆಂಗಳೂರಿನಿಂದ ರಾಣೆಬೆನ್ನೂರು, ಅಲ್ಲಿಂದ ವಾಪಸ್. ಬೆಳಗ್ಗೆ ಆರಕ್ಕೆ ಹೊರಟು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ನಡುಹಗಲಲ್ಲಿ ಶಿರಾ ಹತ್ತಿರ ಒಂದೂವರೆ ಗಂಟೆ ಮರದ ನೆರಳು, ಉಪ್ಪು ಹಾಕಿದ ಮಜ್ಜಿಗೆ. ಹನ್ನೊಂದೂವರೆ ರಾತ್ರಿಗೆ ರಾಣೆಬೆನ್ನೂರು. ಜೊತೆಯವರು ಲಾಡ್ಜ್ ಹಿಡಿದರು. ನಾನು ಸೀಲ್ ಹಾಕಿಸಿ, ಮೊಸರನ್ನ ತಿಂದು ತಿರುಗಿದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಕೆಂಪು ದೀಪಗಳು ಒಟ್ಟಿಗೆ ಹೊತ್ತಿ ಒಟ್ಟಿಗೆ ಆರುತ್ತಿದ್ದವು. ಕೆಳಗೆ ನನ್ನ ಮುಂದೆ ನನ್ನ ಬೆಳಕಿನ ಚಾಪೆ. ನಾನು ತುಳಿದಷ್ಟು ಹೊತ್ತು ಅದು ಇರುತ್ತದೆ ಅನ್ನುವ ಧೈರ್ಯ ಎಂಥದ್ದು ಅಂತ ಆ ರಾತ್ರಿ ಗೊತ್ತಾಯಿತು. ಬೆಳಗ್ಗೆ ಪೆಟ್ರೋಲ್ ಬಂಕಿನಲ್ಲಿ ಒಂದು ಗಂಟೆ ನಿದ್ದೆ. 38 ಗಂಟೆ 20 ನಿಮಿಷಕ್ಕೆ ಮುಗಿಯಿತು. ಸೂಪರ್ ರಾಂಡೊನ್ಯೂರ್ ಆದೆ. ಕಾರ್ಡ್ ಕೊಡುವಾಗ ಕಣ್ಣು ತುಂಬಿತು.

ಕೊಳ್ಳಬೇಕಾ? ವರ್ಷಕ್ಕೆ ಒಂದು 200 ಮಾತ್ರ ಮಾಡುವವರಿಗೆ ಬೇಡ, ಒಳ್ಳೆಯ ಬ್ಯಾಟರಿ ಲೈಟ್ ಸಾಕು. 400, 600ಕ್ಕೆ ಕೈ ಹಾಕುವವರು ಹಗುರ ಚಕ್ರಕ್ಕೆ ದುಡ್ಡು ಸುರಿಯುವ ಮೊದಲು ಇದನ್ನು ಕೊಳ್ಳಿ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಆ ಕನೆಕ್ಟರಿಗೆ.

ಮುಂದಿನ ಗುರಿ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್. 1891ರಲ್ಲಿ ರೇಸಾಗಿ ಶುರುವಾದದ್ದು, ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುವ 1,200 ಕಿಲೋಮೀಟರ್ ಬ್ರೆವೆ. ನಾನು ಆರಿಸಿಕೊಳ್ಳುವುದು 90 ಗಂಟೆಯ ಗುಂಪು. ಮುಂದಿನದು 2027ರಲ್ಲಿ. ಆ ವರ್ಷ ನಾಲ್ಕೂ ಬ್ರೆವೆ ಮತ್ತೆ ಮುಗಿಸಬೇಕು. 2023ರ ಸಲ ಹಿಂದಿನ ವರ್ಷ ದೊಡ್ಡ ಬ್ರೆವೆ ಮಾಡಿದವರಿಗೆ ಹೆಸರು ನೋಂದಾಯಿಸಲು ಮೊದಲ ಅವಕಾಶ ಇತ್ತು. ಅದಕ್ಕೇ 2026ರಲ್ಲಿ 1,000 ಕಿ.ಮೀ. ಮಾಡುವ ಆಸೆ. ಅದಕ್ಕೆ 75 ಗಂಟೆ, ಅಂದರೆ ಮೂರು ರಾತ್ರಿ. ಸತತ ಎರಡು ರಾತ್ರಿ ಓಡಿಸಿ ನನಗೆ ಅಭ್ಯಾಸವೇ ಇಲ್ಲ. ಈ ಚಳಿಗಾಲ ಅದೇ ಕೆಲಸ.

ಚಕ್ರ ಮತ್ತೆ ಮೆಕ್ಯಾನಿಕ್ ಅವರ ಹತ್ತಿರ ಇದೆ. ಸ್ವಲ್ಪ ಬೆಂಡ್ ತೆಗೆಯಬೇಕಿತ್ತು. ಶುಕ್ರವಾರ ಸಂಜೆ ಕೊಡುತ್ತೇನೆ ಅಂದಿದ್ದಾರೆ. ಶನಿವಾರ ಒಂಬತ್ತಕ್ಕೆ ಹುಣಸೂರು ಕಡೆ.